ಶುಕ್ರವಾರ ಸಂಜೆ ಐದರೊಳಗೆ

ಕೆಮಿಸ್ಟ್ರಿಯ ಎರಡನೇ ಪರೀಕ್ಷೆಯಲ್ಲಿ ವರ್ಲೀನ್ ಸ್ಟಿಡಮ್‌ಗೆ ಬಂದದ್ದು ನೂರಕ್ಕೆ ಮೂವತ್ತೆಂಟು. ಮೊದಲನೆಯದರಲ್ಲಿ ನಲವತ್ತೊಂದು ಬಂದಿತ್ತು. ಅಂದರೆ ಏಳು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಮೂರು ಅಂಕ ಕಳೆದುಕೊಂಡಿದ್ದಳು. ನಮ್ಮ ಊರಿನಲ್ಲಿ ಮಾತ್ರ ಎಲ್ಲರಿಗೂ ಗೊತ್ತಿದ್ದ ಅಂಕ ತೊಂಬತ್ತೊಂದು. ಅದನ್ನು ಫೋನಿನಲ್ಲಿ ಅಜ್ಜಿಗೆ ಹೇಳಿದವಳು ಅವಳೇ. ಅಜ್ಜಿ ಅದನ್ನು ಭಾನುವಾರ ಚರ್ಚಿನ ಸಭೆಯಲ್ಲಿ ಹೇಳಿದಳು, ಸಭೆ ಮುಗಿಯುವುದರೊಳಗೆ ಅದು ಇಡೀ ಕಣಿವೆಯ ಸುದ್ದಿಯಾಯಿತು.

ಬುಧವಾರ ಕಾಲೇಜಿನ ಸಲಹೆಗಾರ್ತಿ ಮಿಸ್ ಕೆಸ್ಲರ್ ಅವಳನ್ನು ಕರೆಸಿಕೊಂಡರು. ಡಾಕ್ಟರಾಗುತ್ತೇನೆ ಎಂದು ಹೊರಟ ಡಿಗ್ರಿ ವಿದ್ಯಾರ್ಥಿಗಳ ಪಟ್ಟಿ ಇರುವುದು ಅವರ ಕೈಯಲ್ಲಿ. ಆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಮುಂದೆ ಮೆಡಿಕಲ್ ಕಾಲೇಜಿಗೆ ಶಿಫಾರಸು ಪತ್ರ ಸಿಗುತ್ತದೆ. ಮಿಸ್ ಕೆಸ್ಲರ್ ಒಳ್ಳೆಯ ಹೆಂಗಸೇ. ಆದರೆ ಕೆಟ್ಟ ಸುದ್ದಿಯನ್ನು ನಗುನಗುತ್ತ ಹೇಳುವ ಅಭ್ಯಾಸ ಅವರಿಗಿತ್ತು, ಅದು ನನಗೆ ಯಾವತ್ತೂ ಸೇರುವುದಿಲ್ಲ.

"ನೋಡು ವರ್ಲೀನ್, ಕ್ಲಾಸಲ್ಲೇ ಉಳಿದು ಡಿ ಗ್ರೇಡ್ ತಗೊಂಡ್ರೆ ಪಟ್ಟಿಯಿಂದ ಹೆಸರು ಹೋಗತ್ತೆ, ಆ ಡಿ ಜೀವನಪೂರ್ತಿ ಅಂಟ್ಕೊಂಡಿರತ್ತೆ. ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಬಿಟ್ಟುಬಿಟ್ರೆ ಗ್ರೇಡ್ ಬೀಳಲ್ಲ. ಪ್ರೊಫೆಸರ್ ಸಹಿ ಬೇಕು, ಅಷ್ಟೇ."

"ಬಿಟ್ಟು ಏನ್ ಮಾಡ್ಲಿ?"

"ಆಸ್ಪತ್ರೆ ಆಡಳಿತ ಅಂತ ಒಂದು ಕೋರ್ಸ್ ಇದೆ. ನಿನಗಿರೋ ಅನುಭವಕ್ಕೆ ಹೇಳಿ ಮಾಡಿಸಿದ ಹಾಗಿದೆ."

"ಕೆಮಿಸ್ಟ್ರೀನೇ ಮೊದಲಿಂದ ಓದೋ ಹಾಗಿಲ್ವಾ?"

ಮಿಸ್ ಕೆಸ್ಲರ್ ಪೆನ್ನು ಕೆಳಗಿಟ್ಟರು. "ಬುನಾದಿ ಕ್ಲಾಸ್ ಅಂತ ಒಂದಿದೆ, ಸೋಮವಾರ ಶುರುವಾಗತ್ತೆ. ಶಾಲೇಲಿ ಕೆಮಿಸ್ಟ್ರಿ ಮುಖಾನೇ ನೋಡದೆ ಬಂದ ಹದಿನೆಂಟರ ಮಕ್ಕಳಿಗೆ. ಅಲ್ಲಿ ಹೋದ್ರೂ ಪಟ್ಟಿಯಿಂದ ಹೆಸರು ತೆಗೀಬೇಕು. ಒಂದು ವರ್ಷ ಆದ್ಮೇಲೆ ಮತ್ತೆ ಅರ್ಜಿ ಹಾಕ್ಬೋದು, ತಗೊಳ್ತೀವಿ ಅಂತ ನಾನು ಮಾತು ಕೊಡೋಕಾಗಲ್ಲ. ನಿನಗೀಗ ಇಪ್ಪತ್ತಾರು, ಅಲ್ವಾ?"

ಇಪ್ಪತ್ತಾರು ಹೌದು. ಕೆಮಿಸ್ಟ್ರಿಯ ಮುಖ ನೋಡಿರಲಿಲ್ಲ ಎನ್ನುವುದೂ ಹೆಚ್ಚುಕಡಿಮೆ ಹೌದು. ಅವಳ ಶಾಲೆಯಲ್ಲಿ ಕೆಮಿಸ್ಟ್ರಿ ಪಾಠ ಮಾಡಬೇಕಾಗಿದ್ದವರು ಬಾಸ್ಕೆಟ್‌ಬಾಲ್ ಕೋಚ್. ಪೂರ್ವ ಕೆಂಟಕಿಯ ನಮ್ಮ ಬೆಟ್ಟಗಳಲ್ಲಿ ಕೋಚ್‌ಗೆ ಇರುವ ಮರ್ಯಾದೆ ಪಾದ್ರಿಗೂ ಇಲ್ಲ, ಹಾಗಾಗಿ ಯಾರೂ ಕೇಳಲಿಲ್ಲ. ವರ್ಷಪೂರ್ತಿ ಮಕ್ಕಳು ಹಿಂದಿನ ಪಂದ್ಯಗಳ ವಿಡಿಯೋ ನೋಡಿದರು. ಗಾಜಿನ ನಳಿಕೆಗಳಿದ್ದ ಬೀರುವಿನ ಬೀಗದ ಕೈ ಕಳೆದುಹೋಗಿತ್ತು. ಪಾಸಾಗದವರು ಮಾತ್ರ ಯಾರೂ ಇರಲಿಲ್ಲ.

ಆಮೇಲೆ ಆರು ವರ್ಷ ಅವಳು ಊರಿನ ವೃದ್ಧಾಶ್ರಮದಲ್ಲಿ ದುಡಿದಳು. ಮೊದಲು ಮೈ ತೊಳೆಸುವ, ಹಾಸಿಗೆ ಬದಲಿಸುವ ಕೆಲಸ. ತರಬೇತಿ ಪಡೆದ ಮೇಲೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವ ಕೆಲಸ. ಅಲ್ಲಿದ್ದ ಎಸ್ಟಿಲ್ ಗೇಹಾರ್ಟ್ ಎಂಬ ಮುದುಕನಿಗೆ ಬೆಳಿಗ್ಗೆ ಎರಡು, ಸಂಜೆ ಎರಡು ಮಾತ್ರೆ. ಚೀಟಿ ನೋಡಬೇಕಾಗಿಯೇ ಇರಲಿಲ್ಲ, ಬಾಯಿಪಾಠ. ಒಂದು ಸೋಮವಾರ ಔಷಧಿ ಅಂಗಡಿಯಿಂದ ಬಂದ ಹೊಸ ಡಬ್ಬಿಯಲ್ಲಿ ಮಾತ್ರೆಯ ಬಲ ದುಪ್ಪಟ್ಟಾಗಿತ್ತು. ಒಂದೇ ಕೊಡಬೇಕಿತ್ತು. ವರ್ಲೀನ್ ಎಂದಿನಂತೆ ಎರಡು ಕೊಟ್ಟಳು. ಡಬ್ಬಿಯ ಮೇಲಿನ ಅಂಕಿ ಅವಳ ಕಣ್ಣಿಗೆ ಬಿದ್ದಿತ್ತು ಕೂಡ. ಆದರೆ ಆ ಅಂಕಿಗೂ ಎರಡು ಮಾತ್ರೆಗೂ ಏನು ಸಂಬಂಧ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಮುದುಕ ಎರಡು ದಿನ ಎಚ್ಚರವಿಲ್ಲದೆ ಮಲಗಿದ. ಆ ಎರಡು ದಿನವೂ ವರ್ಲೀನ್ ಮನೆಗೆ ಹೋಗದೆ ಅವನ ಮಂಚದ ಪಕ್ಕದಲ್ಲೇ ಕುಳಿತಳು. ಮೂರನೇ ದಿನ ಅವನು ಎದ್ದು ಕಾಫಿ ಕೇಳಿದ. ತಪ್ಪನ್ನು ಔಷಧಿ ಅಂಗಡಿಯ ತಲೆಗೆ ಕಟ್ಟಿ ಕಡತ ಮುಚ್ಚಿದರು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಡಾಕ್ಟರಾಗಬೇಕು ಎಂಬ ಹುಚ್ಚು ಹತ್ತಿದ್ದು ಆ ವಾರದಲ್ಲಿ. ಕಾರಣವನ್ನು ಅವಳು ಯಾರಿಗೂ ಹೇಳಲಿಲ್ಲ, ಅಜ್ಜಿಗೂ ಇಲ್ಲ.

ಗುರುವಾರ ಮಧ್ಯಾಹ್ನದ ಕ್ಲಾಸಿಗೆ ಚಕ್ಕರ್ ಹಾಕಿ ಅವಳು ಊರಿನ ದಾರಿ ಹಿಡಿದಳು. ಎರಡು ಗಂಟೆಯ ಹಾದಿ. ಸಹಿ ಹಾಕಿಸುವ ಮೊದಲು ಅಜ್ಜಿಗೆ ನಿಜ ಹೇಳಿಬಿಡಬೇಕು ಎಂದು ಹೊರಟವಳು, ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಹೇಗೆ ಹೇಳದೇ ಇರುವುದು ಎಂದು ಯೋಚಿಸುತ್ತಿದ್ದಳು.

ಅಜ್ಜಿಯ ಹೆಸರು ಓವಾ. ನಮ್ಮ ಕಡೆ ಅಜ್ಜಿಯನ್ನು ಕರೆಯುವುದು ಮ್ಯಾಮಾ ಎಂದು. ಅವಳು ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಸೇಬಿನ ಪಾಕ ಗೊಟಾಯಿಸುತ್ತಿದ್ದಳು. ಮೇಜಿನ ತುಂಬ ತೊಳೆದ ಗಾಜಿನ ಜಾಡಿಗಳು ಬೋರಲು ಬಿದ್ದಿದ್ದವು.

"ಯಾಕೆ ಮರಿ, ಗುರುವಾರಾನೇ ಬಂದ್ಬಿಟ್ಟೆ? ಕಾಲೇಜಿಗೆ ಬೀಗ ಹಾಕಿದ್ರಾ?"

"ಸುಮ್ನೆ ಬಂದೆ ಮ್ಯಾಮಾ."

"ಸುಮ್ನೆ ಬರೋಕೆ ನಿನ್ನ ಕಾರೇನು ಗಾಳಿ ಕುಡ್ಕೊಂಡು ಓಡತ್ತಾ? ಬಾ, ಕೂತ್ಕೋ. ಕಾಳು ಬೇಯಿಸಿದ್ದೀನಿ, ಜೋಳದ ರೊಟ್ಟಿ ಇದೆ. ಭಾನುವಾರ ಸಭೆ ಆದ್ಮೇಲೆ ನಿನ್ ಹೆಸರಲ್ಲೇ ಊಟ ಇಟ್ಕೊಂಡಿದ್ದಾರೆ, ಗೊತ್ತಾ? ಎಂಟು ಕೋಳಿ ಅಂತೆ! ತೊಂಬತ್ತೊಂದು ಅಂದ್ರೆ ಸುಮ್ನೇನಾ?"

ವರ್ಲೀನ್ ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸ್ ಇಟ್ಟಳು. ಎಂಟು ಕೋಳಿ!

"ಕೊಡು ನಿನ್ನ ಚೀಟಿಗಳ್ನ. ಪಾಕ ಗಟ್ಟಿ ಆಗೋವರೆಗೂ ಒಂದು ಸುತ್ತು ಓದಿಬಿಡೋಣ," ಎಂದು ಅಜ್ಜಿ ಕನ್ನಡಕ ಹಾಕಿಕೊಂಡಳು.

ಈ ಓದಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಸಭೆಯಲ್ಲಿ ಹಾಡಿನ ಪುಸ್ತಕ ಇರುವುದು ಒಬ್ಬರ ಕೈಯಲ್ಲಿ. ಅವರು ಒಂದು ಸಾಲು ಹೇಳಿಕೊಡುತ್ತಾರೆ, ಉಳಿದವರು ಅದನ್ನೇ ಎಳೆದು ಹಾಡುತ್ತಾರೆ. ಆಮೇಲೆ ಮುಂದಿನ ಸಾಲು. ಓದು ಬಾರದವರ ಕಾಲದಿಂದ ಬಂದ ಪದ್ಧತಿ. ಓದು ಬಂದ ಮೇಲೂ ನಾವು ಬಿಟ್ಟಿಲ್ಲ. ವರ್ಲೀನ್ ಹುಟ್ಟಿದಾಗಿನಿಂದ ಏನೇ ಕಲಿತಿದ್ದರೂ ಹೀಗೇ ಕಲಿತವಳು. ಕೆಮಿಸ್ಟ್ರಿ ತಲೆಗೆ ಹತ್ತದೆ ಹೋದಾಗ ಅವಳಿಗೆ ಹೊಳೆದದ್ದೂ ಇದೇ. ಪುಸ್ತಕವನ್ನೆಲ್ಲ ಚೀಟಿಗಳಲ್ಲಿ ಬರೆದಳು. ಶನಿವಾರ ಬಂದಾಗಲೆಲ್ಲ ಅಜ್ಜಿ ಒಂದೊಂದೇ ಸಾಲು ರಾಗವಾಗಿ ಹೇಳಿಕೊಟ್ಟಳು, ಮೊಮ್ಮಗಳು ರಾಗವಾಗಿ ಒಪ್ಪಿಸಿದಳು. ಮುನ್ನೂರು ಚೀಟಿ ಅವಳಿಗೆ ತಪ್ಪಿಲ್ಲದೆ ಬರುತ್ತಿತ್ತು. ಪರೀಕ್ಷೆಯಲ್ಲಿ ಪ್ರೊಫೆಸರ್ ಬೆಂಡರ್ ಒಂದೇ ಒಂದು ಚೀಟಿಯನ್ನೂ ಕೇಳಿರಲಿಲ್ಲ.

ವರ್ಲೀನ್ ಚೀಟಿಗಳ ಕಟ್ಟನ್ನು ಚೀಲದಿಂದ ತೆಗೆದು ಕೊಟ್ಟಳು. ಮಡಿಸಿದ ಉತ್ತರಪತ್ರಿಕೆ ಅದೇ ಕಟ್ಟಿನ ನಡುವೆ ಸೇರಿಕೊಂಡಿರುವುದು ಅವಳ ತಲೆಗೆ ಬರಲೇ ಇಲ್ಲ.

ಅಜ್ಜಿ ನಾಲ್ಕು ಚೀಟಿ ಹೇಳಿಕೊಟ್ಟಳು. ಐದನೆಯದಕ್ಕೆ ಕೈಗೆ ಬಂದದ್ದು ಉತ್ತರಪತ್ರಿಕೆ. ಬಿಡಿಸಿದಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು, ಮತ್ತೆ ಏರಿಸಿದಳು. ಒಲೆಯ ಮೇಲೆ ಪಾಕ ಕೊತಕೊತ ಎನ್ನುತ್ತಿತ್ತು. ಆಮೇಲೆ ಅದೇ ರಾಗದಲ್ಲಿ, ಸಭೆಯಲ್ಲಿ ಹೇಳಿಕೊಡುವ ಹಾಗೆಯೇ ಹೇಳಿದಳು:

"ನೂರಕ್ಕೆ ಮೂವತ್ತೆಂಟು."

ಹೇಳಿ, ತಲೆಯೆತ್ತಿ ಕಾದಳು.

"ಹೇಳು. ನಾನು ಸಾಲು ಕೊಟ್ಟಾಯ್ತು."

"ಮ್ಯಾಮಾ..."

"ಹೇಳು ಅಂದೆ."

"ನೂರಕ್ಕೆ ಮೂವತ್ತೆಂಟು."

"ತೊಂಬತ್ತೊಂದು ಅಂದಿದ್ದು ಸುಳ್ಳು."

"ಸುಳ್ಳು," ಎಂದಳು ವರ್ಲೀನ್. ಅಳು ಒತ್ತರಿಸಿಕೊಂಡು ಬಂತು. ಇಪ್ಪತ್ತಾರರ ಹೆಂಗಸು ಎಂಟು ವರ್ಷದ ಮಗುವಿನ ಹಾಗೆ ಮೇಜಿಗೆ ಹಣೆಯಿಟ್ಟು ಅತ್ತಳು. ಶುಕ್ರವಾರದ ಗಡುವು, ಪಟ್ಟಿ, ಬುನಾದಿ ಕ್ಲಾಸು, ಆಸ್ಪತ್ರೆ ಆಡಳಿತ ಎಲ್ಲವನ್ನೂ ಅಳುವಿನ ನಡುವೆಯೇ ಹೇಳಿದಳು.

ಅಜ್ಜಿ ತಲೆ ಸವರಲಿಲ್ಲ. ಅವಳದು ಆ ಜಾತಿಯ ಪ್ರೀತಿಯಲ್ಲ. "ಪಾಕ ತಳ ಹಿಡೀತಿದೆ, ಎದ್ದು ತಿರುವು," ಎಂದಳು. ವರ್ಲೀನ್ ಕಣ್ಣೊರೆಸಿಕೊಂಡು ಎದ್ದು ತಿರುವತೊಡಗಿದಳು. ಅಜ್ಜಿ ಉತ್ತರಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತ ಹೋದಳು.

"ಈ ನಾಲ್ಕನೇದಕ್ಕೆ ಸೊನ್ನೆ ಕೊಟ್ಟಿದ್ದಾನಲ್ಲ ಮಹರಾಯ. ನೀನು ಚೀಟೀಲಿ ಇರೋದನ್ನೇ ಬರ್ದಿದ್ದೀಯ. ಮಿತಿ ಹಾಕುವ ವಸ್ತು."

"ಮಿತಿ ಹಾಕುವ ವಸ್ತು ಎಂದರೆ ರಾಸಾಯನಿಕ ಕ್ರಿಯೆಯಲ್ಲಿ ಮೊದಲು ಪೂರ್ತಿಯಾಗಿ ಬಳಕೆಯಾಗಿ, ಉತ್ಪನ್ನದ ಪ್ರಮಾಣವನ್ನು ನಿರ್ಧರಿಸುವ ವಸ್ತು," ಎಂದು ವರ್ಲೀನ್ ಒಪ್ಪಿಸಿದಳು.

"ಅದು ನನಗೂ ಬರತ್ತೆ. ಮೂರು ಶನಿವಾರ ಹೇಳಿಕೊಟ್ಟೋಳು ನಾನೇ ತಾನೆ? ಹಂಗಂದ್ರೆ ಏನು?"

"ಅಂದ್ರೆ... ಮೊದಲು ಬಳಕೆಯಾಗಿ..."

"ಸಾಲು ಬೇಡ. ನಂಗೆ ತಿಳಿಯೋ ಹಾಗೆ ಹೇಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋಳು."

ವರ್ಲೀನ್ ನೆನಪಿನಲ್ಲಿ ಹುಡುಕಿದಳು. ಇನ್ನೊಂದು ಚೀಟಿ ನೆನಪಿಗೆ ಬಂತು, ಅದರ ಹಿಂದೆ ಮತ್ತೊಂದು, ಎಲ್ಲವೂ ರಾಗದೊಂದಿಗೆ. ಅವುಗಳ ಹಿಂದೆ ಏನೂ ಇರಲಿಲ್ಲ. ಮೂವತ್ತೆಂಟು ನೋಡಿದಾಗಲೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ. ಬೆಳಿಗ್ಗೆ ಎರಡು, ಸಂಜೆ ಎರಡು ಎಂದುಕೊಂಡು ಎಸ್ಟಿಲ್ ಗೇಹಾರ್ಟ್‌ನ ಮಂಚದತ್ತ ನಡೆದದ್ದೂ ಹೀಗೆಯೇ. ಆ ಬಾಯಿಪಾಠದಿಂದ ಬಿಡಿಸಿಕೊಳ್ಳಲು ಕಾಲೇಜಿಗೆ ಹೋದವಳು, ಅದನ್ನೇ ಮುನ್ನೂರು ಚೀಟಿಯಷ್ಟು ಮಾಡಿಕೊಂಡು ಕುಳಿತಿದ್ದಳು.

"ಗೊತ್ತಿಲ್ಲ ಮ್ಯಾಮಾ. ನಂಗೆ ಗೊತ್ತಿಲ್ಲ."

"ಸರಿ. ಅವನೇನು ಕೇಳಿದ್ದಾನೆ?"

"ಹತ್ತು ಪಾಲು ಹೈಡ್ರೋಜನ್, ಏಳು ಪಾಲು ಆಕ್ಸಿಜನ್ ಇದೆ. ನೀರು ಮಾಡಿದ್ರೆ ಯಾವುದು ಮಿಗತ್ತೆ, ಎಷ್ಟು ಮಿಗತ್ತೆ ಅಂತ."

"ಅವೆಲ್ಲ ನಂಗೆ ಗೊತ್ತಿಲ್ಲ. ಹತ್ತು, ಏಳು, ಅಲ್ವಾ?" ಅಜ್ಜಿ ಸಕ್ಕರೆ ಡಬ್ಬಿ ಎಳೆದುಕೊಂಡಳು. ಹತ್ತು ಲೋಟ ಅಳೆದು ಖಾಲಿ ಪಾತ್ರೆಯೊಂದಕ್ಕೆ ಸುರಿದಳು. ಜಾಡಿಯ ಮುಚ್ಚಳಗಳಲ್ಲಿ ಏಳನ್ನು ಎಣಿಸಿ ಮೇಜಿನ ಮೇಲೆ ಸಾಲಾಗಿಟ್ಟಳು. "ಒಂದು ಜಾಡಿ ಪಾಕಕ್ಕೆ ಎರಡು ಲೋಟ ಸಕ್ಕರೆ, ಒಂದು ಮುಚ್ಚಳ. ಎಷ್ಟು ಜಾಡಿ ಕಟ್ತೀಯ?"

ವರ್ಲೀನ್ ಮುಚ್ಚಳಗಳನ್ನೇ ನೋಡಿದಳು. "ಏಳು."

"ಸಕ್ಕರೆ ನಿಮ್ಮಪ್ಪ ತಂದ್ಕೊಡ್ತಾನಾ?"

ವರ್ಲೀನ್ ಸಕ್ಕರೆಯ ಪಾತ್ರೆಯ ಕಡೆ ನೋಡಿದಳು, ಮುಚ್ಚಳದ ಕಡೆ ನೋಡಿದಳು. ಕೈಯಲ್ಲಿದ್ದ ಸೌಟು ನಿಂತಿತು. "ಐದು. ಐದು ಜಾಡಿಗೆ ಸಕ್ಕರೆ ಖಾಲಿ. ಎರಡು ಮುಚ್ಚಳ ಮಿಗತ್ತೆ."

"ಮತ್ತೆ ಇನ್ನೇನು? ಎಂಟು ವರ್ಷದೋಳಿದ್ದಾಗಿಂದ ಈ ಲೆಕ್ಕ ಮಾಡ್ತಿದ್ದೀಯ ನೀನು. ಯಾವುದು ಮೊದಲು ಮುಗಿಯತ್ತೋ ಅದು ಕೈ ಕಟ್ಟಿಹಾಕತ್ತೆ. ಇದಕ್ಕೊಂದು ರಾಗ ಬೇರೆ ಕೇಡು."

ವರ್ಲೀನ್ ನಕ್ಕಳು. ಅಳುವಿಗಿಂತ ಆ ನಗುವೇ ಅವಳನ್ನು ಹೆಚ್ಚು ಅಲ್ಲಾಡಿಸಿತು. ಅಂದು ಕತ್ತಲಾಗುವವರೆಗೆ, ಮರುದಿನ ಮಧ್ಯಾಹ್ನದವರೆಗೆ ಇಬ್ಬರೂ ಚೀಟಿಗಳನ್ನು ಒಂದೊಂದಾಗಿ ತೆಗೆದರು. ಅಜ್ಜಿ "ಹಂಗಂದ್ರೆ ಏನು?" ಎನ್ನುವಳು. ವರ್ಲೀನ್ ತಿಳಿಸಿ ಹೇಳಲಾದರೆ ಆ ಚೀಟಿ ಬಲಗಡೆಗೆ, ಆಗದಿದ್ದರೆ ಎಡಗಡೆಗೆ. ಶುಕ್ರವಾರ ಒಂದೂವರೆಗೆ ಬಲಗಡೆ ಹನ್ನೊಂದು ಚೀಟಿ ಇದ್ದವು. ಎಡಗಡೆಯ ಗುಡ್ಡೆ ಜಾರಿ ನೆಲಕ್ಕೆ ಬಿದ್ದಿತ್ತು.

ಹೊರಡುವಾಗ ಅಜ್ಜಿ ಬಾಗಿಲಿಗೆ ಬಂದಳು. "ಕಾಲೇಜಿನ ವಿಷ್ಯ ನಿಂದು. ಉಳೀತೀಯೋ ಬಿಡ್ತೀಯೋ ನಂಗೆ ತಿಳಿಯಲ್ಲ. ಆದ್ರೆ ಆ ತೊಂಬತ್ತೊಂದನ್ನ ಸಭೇಲಿ ಹೇಳಿಸಿದ್ದು ನನ್ನ ಬಾಯಲ್ಲಿ. ಅದನ್ನ ವಾಪಸ್ ತಗೊಳ್ಳೋದು ನಿನ್ನ ಬಾಯಲ್ಲೇ ಆಗ್ಬೇಕು. ಭಾನುವಾರ ಬಾ."

ದಾರಿಯಲ್ಲಿ ಗುಡ್ಡದ ಕಲ್ಲು ಉರುಳಿ ಒಂದೇ ಸಾಲು ವಾಹನ ಬಿಡುತ್ತಿದ್ದರು. ಮುಂದೆ ಕಲ್ಲಿದ್ದಲಿನ ಲಾರಿ, ಅದರ ಮುಂದೆ ಇನ್ನೊಂದು. ವರ್ಲೀನ್ ಗಡಿಯಾರ ನೋಡುತ್ತ ತುಟಿ ಕಚ್ಚಿಕೊಂಡಳು. ಕಾಲೇಜು ತಲುಪಿದಾಗ ನಾಲ್ಕು ಮೂವತ್ತೈದು. ಪ್ರೊಫೆಸರ್ ಬೆಂಡರ್‌ರ ಬಾಗಿಲ ಮುಂದೆ ಅವಳ ಹಾಗೆಯೇ ಕ್ಲಾಸ್ ಬಿಡುವ ಅರ್ಜಿ ಹಿಡಿದ ಮೂವರು ನಿಂತಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವಳ ಸರದಿ ಬಂದಾಗ ನಾಲ್ಕು ನಲವತ್ನಾಲ್ಕು.

ಪ್ರೊಫೆಸರ್ ಪೆನ್ನು ತೆರೆದುಕೊಂಡೇ ಕುಳಿತಿದ್ದರು. "ಕೊಡಮ್ಮ."

"ಸರ್, ಮೊದಲು ನಾಲ್ಕನೇ ಪ್ರಶ್ನೆ ಮಾಡಿ ತೋರಿಸ್ಲಾ?" ಏಳು ವಾರದಲ್ಲಿ ಅವಳು ಅವರೊಂದಿಗೆ ಆಡಿದ ಮೊದಲ ಮಾತು ಅದು. ನಮ್ಮವರಿಗೆ "ಗೊತ್ತಿಲ್ಲ" ಎನ್ನುವುದು ಅಂಗಳದಲ್ಲಿ ನಿಂತು ಬಟ್ಟೆ ಬಿಚ್ಚಿದಷ್ಟು ನಾಚಿಕೆಯ ಕೆಲಸ.

ಅವರು ಗಡಿಯಾರ ನೋಡಿ ಹಲಗೆಯ ಕಡೆ ಕೈ ತೋರಿಸಿದರು. ವರ್ಲೀನ್ ಸೀಮೆಸುಣ್ಣ ಹಿಡಿದಳು. "ಎರಡು ಪಾಲು ಹೈಡ್ರೋಜನ್‌ಗೆ ಒಂದು ಪಾಲು ಆಕ್ಸಿಜನ್. ಹತ್ತು ಪಾಲಿಗೆ ಐದು ಸಾಕು. ಆಕ್ಸಿಜನ್ ಎರಡು ಪಾಲು ಮಿಗತ್ತೆ. ಅಂಕಿ ದೊಡ್ಡದಿದ್ರೂ ಮೊದಲು ಮುಗಿಯೋದು ಹೈಡ್ರೋಜನ್ನೇ."

"ಪರೀಕ್ಷೇಲಿ ಯಾಕೆ ಹೀಗೆ ಬರೀಲಿಲ್ಲ?"

"ಆಗ ಗೊತ್ತಿರ್ಲಿಲ್ಲ, ಸರ್. ನಿನ್ನೆ ಗೊತ್ತಾಯ್ತು. ಸಕ್ಕರೆ, ಮುಚ್ಚಳ ಇಟ್ಕೊಂಡು."

ಪ್ರೊಫೆಸರ್ ಪೆನ್ನು ಮುಚ್ಚಿದರು.

"ಹೀಗೆ ಯೋಚನೆ ಮಾಡೋದಾದ್ರೆ ಬಿಡ್ಬೇಡ. ಇನ್ನೊಂದು ಪರೀಕ್ಷೆ, ಕೊನೇದು ಒಂದು. ಕಷ್ಟಪಟ್ರೆ ಸಿ ಬರತ್ತೆ. ಸಿ ಬಂದ್ರೆ ಕೆಸ್ಲರ್ ನಿನ್ನ ಹೆಸರು ತೆಗೆಯೋ ಹಾಗಿಲ್ಲ."

ನಾಲ್ಕು ನಲವತ್ತೊಂಬತ್ತು. ಸಿ ಬಂದರೆ ಪಟ್ಟಿ ಉಳಿಯುತ್ತದೆ. ವರ್ಷ ಉಳಿಯುತ್ತದೆ. ಭಾನುವಾರ ಸುಳ್ಳು ಒಪ್ಪಿಕೊಳ್ಳಬೇಕಾದರೂ, "ಆದರೂ ಪಾಸಾಗುತ್ತಿದ್ದೇನೆ" ಎಂದು ಬಾಲ ಸೇರಿಸಬಹುದು. ವರ್ಲೀನ್‌ಗೆ ಆಸೆಯಾಯಿತು. ಆಸೆಯಾಗಲಿಲ್ಲ ಎಂದರೆ ಕತೆ ಹೇಳುವ ನಾನೂ ಸುಳ್ಳು ಹೇಳಿದ ಹಾಗಾಗುತ್ತದೆ. ಅರ್ಜಿಯನ್ನು ಮಡಿಸಿ ಜೇಬಿಗೆ ತುರುಕಿಕೊಳ್ಳಲು ಕೈ ಅರ್ಧ ಹೋಗಿತ್ತು.

"ಸರ್, ಇಲ್ಲೀವರೆಗೆ ಮಾಡಿರೋ ಪಾಠದಲ್ಲಿ ನಂಗೆ ತಿಳಿದಿರೋದು ಹನ್ನೊಂದು ಚೀಟಿ," ಎಂದಳು. "ಮುನ್ನೂರರಲ್ಲಿ. ಉಳಿದಿದ್ದೆಲ್ಲ ಬಾಯಿಪಾಠ. ಬಾಯಿಪಾಠದಲ್ಲಿ ಸಿ ಬಂದುಬಿಟ್ರೆ ಅದರ ಮೇಲೇನೇ ಮುಂದಿಂದೆಲ್ಲ ಕಟ್ತಾ ಹೋಗ್ತೀನಿ ನಾನು. ನನ್ನ ಬುದ್ಧಿ ನಂಗೊತ್ತು. ಸಹಿ ಮಾಡಿ. ಸೋಮವಾರದ ಬುನಾದಿ ಕ್ಲಾಸಿಗೂ ಒಂದು ಸಹಿ ಹಾಕ್ಕೊಡಿ."

"ಅಲ್ಲಿಂದ ಮತ್ತೆ ಪಟ್ಟಿಗೆ ಬರ್ತೀಯ ಅಂತ ಭರವಸೆ ಇಲ್ಲ. ಗೊತ್ತು ತಾನೆ?"

"ಗೊತ್ತು ಸರ್."

ಅವರು ಎರಡಕ್ಕೂ ಸಹಿ ಹಾಕಿದರು. ವರ್ಲೀನ್ ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಹುಲ್ಲಿನ ಮೈದಾನವನ್ನು ಅಡ್ಡ ಹಾಯ್ದು ಓಡಿದಳು. ಕಚೇರಿಯವಳು ಕಿಟಕಿ ಎಳೆಯುತ್ತಿದ್ದಾಗ ಎರಡೂ ಅರ್ಜಿಗಳನ್ನು ಸಂದಿಯಲ್ಲಿ ತೂರಿಸಿದಳು. ಮೊಹರು ಬಿದ್ದಾಗ ನಾಲ್ಕು ಐವತ್ತೆಂಟು. ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತಾಗ ಗೆದ್ದ ಹಾಗೇನೂ ಅನ್ನಿಸಲಿಲ್ಲ. ಪಟ್ಟಿಯಲ್ಲಿ ಈಗ ಅವಳ ಹೆಸರಿರಲಿಲ್ಲ.

ಭಾನುವಾರ ಸಭೆ ಮುಗಿದು, ಪಕ್ಕದ ಚಪ್ಪರದಡಿ ಉದ್ದ ಮೇಜಿನ ಮೇಲೆ ಎಂಟು ಕೋಳಿ, ಬಾಳೆಹಣ್ಣಿನ ಪಾಯಸ, ಅಜ್ಜಿಯ ಸೇಬಿನ ಪಾಕದ ಐದು ಜಾಡಿ ಬಂದು ಕುಳಿತವು. ವೃದ್ಧಾಶ್ರಮದ ವ್ಯಾನಿನಲ್ಲಿ ಬಂದಿದ್ದ ಎಸ್ಟಿಲ್ ಗೇಹಾರ್ಟ್‌ನ ಗಾಲಿಕುರ್ಚಿಯನ್ನು ಮೇಜಿನ ತುದಿಗೆ ನಿಲ್ಲಿಸಿದ್ದರು. ಯಾರೂ ತಟ್ಟೆಗೆ ಕೈ ಹಾಕುವ ಮೊದಲೇ ವರ್ಲೀನ್ ಎದ್ದು ನಿಂತಳು.

"ತೊಂಬತ್ತೊಂದು ಸುಳ್ಳು," ಎಂದಳು. "ಬಂದಿದ್ದು ನಲವತ್ತೊಂದು. ಆಮೇಲೆ ಮೂವತ್ತೆಂಟು. ಶುಕ್ರವಾರ ಆ ಕ್ಲಾಸ್ ಬಿಟ್ಟೆ. ನಾಳೆಯಿಂದ ಕೆಳಗಿನ ಕ್ಲಾಸಿಗೆ ಹೋಗ್ತೀನಿ. ಡಾಕ್ಟರಾಗೋದು ಒಂದು ವರ್ಷ ತಡ ಆಗತ್ತೆ. ಆಗದೇನೂ ಇರ್ಬೋದು. ಮ್ಯಾಮಾಂಗೆ ಗೊತ್ತಿರ್ಲಿಲ್ಲ, ಅವಳನ್ನ ಏನೂ ಅನ್ಬೇಡಿ."

ಯಾವುದೋ ಮಗು ಚಮಚ ಬೀಳಿಸಿತು. ಅಜ್ಜಿ ತನ್ನ ತಟ್ಟೆಯನ್ನೇ ನೋಡುತ್ತಿದ್ದಳು, ಅವಳ ಕಿವಿ ಕೆಂಪಾಗಿತ್ತು. ಕೂರಬೇಕೋ ನಿಂತಿರಬೇಕೋ ತಿಳಿಯದೆ ವರ್ಲೀನ್ ಕುರ್ಚಿಯ ಬೆನ್ನು ಹಿಡಿದುಕೊಂಡಳು.

ಮೇಜಿನ ತುದಿಯಿಂದ ಎಸ್ಟಿಲ್ ಕೆಮ್ಮಿದ. "ಯಾಕಮ್ಮ ಬಿಟ್ಟೆ?"

"ಎಲ್ಲಾ ಬಾಯಿಪಾಠ ಬರ್ತಿತ್ತು, ಬ್ರದರ್ ಎಸ್ಟಿಲ್. ಏನು ಅಂತ ಮಾತ್ರ ಗೊತ್ತಿರ್ಲಿಲ್ಲ."

ಮುದುಕ ಅವಳನ್ನೇ ನೋಡಿದ. ಆ ನೋಟದಲ್ಲಿ ವರ್ಲೀನ್‌ಗೆ ಎಲ್ಲವೂ ತಿಳಿಯಿತು. ಮಾತ್ರೆ ಕೊಟ್ಟ ಕೈ ಯಾರದೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಎಚ್ಚರವಾದಾಗ ಮಂಚದ ಪಕ್ಕದಲ್ಲಿ ಯಾರು ಕುಳಿತಿದ್ದರು ಎನ್ನುವುದೂ ಗೊತ್ತಿತ್ತು.

"ನಂಗೀಗ ಎಂಬತ್ನಾಲ್ಕು," ಎಂದ ಅವನು, ಕೋಳಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಒಂದ್ಸಲ ಎರಡು ದಿನ ನಿದ್ದೆ ಹೋಗಿದ್ದಾಗ ನೀನು ಎದ್ದಿದ್ದು ಕಾದೆ. ಒಂದು ವರ್ಷ ನಾನು ಎದ್ದಿದ್ದು ಕಾಯ್ತೀನಿ. ತಿಳ್ಕೊಂಡೇ ಬಾ."